ಹಲ್ಲು ಕಚ್ಚಿಕೊಂಡು

ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ಚೆನ್ನೈ–ಕೋಲ್ಕತ್ತ ಹೆದ್ದಾರಿಯೂ ಮಚಲೀಪಟ್ಟಣದಿಂದ ಹೈದರಾಬಾದಿನ ಕಡೆಗೆ ಹೋಗುವ ರಸ್ತೆಯೂ ಕೂಡುತ್ತವೆ. ಬಳ್ಳಾರಿಯಿಂದ ವರ್ಗವಾಗಿ ಬಂದ ಬ್ಯಾಂಕ್ ಉದ್ಯೋಗಿಯೊಬ್ಬಳು ದಿನಕ್ಕೆ ಎರಡು ಸಲ ಅದನ್ನು ದಾಟುತ್ತಾಳೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಆಕಳಿಸಿದಾಗ ಕಿವಿಯ ಮುಂದೆ ಟಕ್ ಎಂದಿತು. ವಾರದೊಳಗೆ ಜೋಳದ ರೊಟ್ಟಿ ಅಗಿಯುವುದೂ ಕಷ್ಟವಾಯಿತು.

ದಂತವೈದ್ಯರೊಬ್ಬರು ಬಣ್ಣದ ಕಾಗದ ಕಚ್ಚಿಸಿ ನೋಡಿದರು. ಮೇಲಿನ ಹಲ್ಲು ಕೆಳಗಿನದರ ಮೇಲೆ ಸರಿಯಾಗಿ ಕೂರುತ್ತಿಲ್ಲ, ನಾಲ್ಕು ಹಲ್ಲು ಉಜ್ಜಿ ಸಮ ಮಾಡಿದರೆ ದವಡೆಯ ಕೀಲು ಸರಿಹೋಗುತ್ತದೆ ಎಂದರು. ಸೋಮವಾರಕ್ಕೆ ದಿನ ಗೊತ್ತಾಯಿತು. ರಾತ್ರಿ ಫೋನಿನಲ್ಲಿ ಅಮ್ಮ ಕೇಳಿದರು: "ಹುಳುಕಿಲ್ಲ, ಅಲ್ಲಾಡಂಗಿಲ್ಲ. ಗಟ್ಟಿ ಹಲ್ಲು ಯಾಕೆ ತೇಯಿಸ್ಕೊಂತೀಯವ್ವ?"

ವೈದ್ಯರ ನಂಬಿಕೆ ಹೊಸದಲ್ಲ. 1934ರಲ್ಲಿ ಅಮೆರಿಕದ ಕಿವಿ-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್, ಹಿಂದಿನ ಹಲ್ಲು ಬಿದ್ದವರ ದವಡೆ ಮೇಲಕ್ಕೆ ಸರಿದು ಕೀಲನ್ನು ಒತ್ತುತ್ತದೆ, ಕಿವಿನೋವು ತಲೆನೋವು ಅದರಿಂದಲೇ ಎಂದು ಬರೆದರು. ಅಂಗರಚನಾ ತಜ್ಞರು ಆ ವಿವರಣೆಯನ್ನು ಒಪ್ಪಲಿಲ್ಲ. ಆದರೂ ಹಲ್ಲು ಸರಿಮಾಡಿದರೆ ಕೀಲು ಸರಿ ಎಂಬ ಮಾತು ದಶಕಗಟ್ಟಲೆ ಉಳಿಯಿತು. ಅದು ಕೇಳಲು ಸಹಜವಾಗಿದೆ: ಬಾಗಿಲು ಸರಿಯಾಗಿ ಕೂರದಿದ್ದರೆ ಕೀಲು ಸವೆಯುವುದಿಲ್ಲವೇ?

ದವಡೆ ಬಾಗಿಲಲ್ಲ. ಅದರ ಎರಡೂ ಕೀಲುಗಳು ಒಟ್ಟಿಗೆ ತಿರುಗುತ್ತವೆ, ಜಾರುತ್ತವೆ. ನಡುವಿನ ಮೆತ್ತನೆಯ ಬಿಲ್ಲೆ ಸ್ವಲ್ಪ ಸರಿದರೆ ಟಕ್ ಎನ್ನುತ್ತದೆ. ನೋವಿಲ್ಲದ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ವಕ್ರ ಹಲ್ಲಿನ ಎಷ್ಟೋ ಜನರಿಗೆ ನೋವಿಲ್ಲ, ಸಾಲು ಹಲ್ಲಿನವರಿಗೂ ನೋವುಂಟು. 2017ರಲ್ಲಿ ಇಟಲಿಯ ಮಾನ್‌ಫ್ರೆಡಿನಿ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ, ಹಲ್ಲು ಕೂರುವ ಬಗೆಯೇ ಕಾರಣ ಎನ್ನಲು ಆಧಾರ ಸಿಗಲಿಲ್ಲ. ಕೆಲವೊಮ್ಮೆ ಕಾರಣ-ಪರಿಣಾಮ ತಿರುಗುಮುರುಗು: ಕೀಲಿಗೆ ಸಂಧಿವಾತ ತಗುಲಿದರೆ ಹಲ್ಲು ಕೂರುವ ರೀತಿಯೇ ಬದಲಾಗುತ್ತದೆ. ಹೊಸದಾಗಿ ತುಂಬಿಸಿದ ಹಲ್ಲು ಎತ್ತರವಾಗಿ ತಗುಲುತ್ತಿದ್ದರೆ ಅದನ್ನು ತಗ್ಗಿಸಬೇಕು, ನಿಜ. ಇವಳಿಗೆ ಹೊಸದೇನೂ ತುಂಬಿಸಿರಲಿಲ್ಲ. ಹದಿನೈದನೆಯ ವಯಸ್ಸಿನಿಂದ ಇದ್ದ ಹಲ್ಲು. ನೋವು ಮಾತ್ರ ಈ ಮಾರ್ಚಿನದು.

ಸೋಮವಾರ ಅವಳು ಬೇರೆ ವೈದ್ಯೆಯ ಬಳಿ ಹೋದಳು. ಅವರು ಕೆನ್ನೆಯ ಸ್ನಾಯು ಒತ್ತಿ ನೋಡಿ, ನಿದ್ದೆಯ ಬಗ್ಗೆ, ಕೆಲಸದ ಬಗ್ಗೆ ಕೇಳಿದರು. ಲೆಕ್ಕ ಮುಗಿಸುವ ತಿಂಗಳು, ಹೊಸ ಊರು, ರಾತ್ರಿ ಹನ್ನೊಂದರವರೆಗೆ ಕಂಪ್ಯೂಟರ್. "ಕೆಲಸ ಮಾಡುವಾಗ ಹಲ್ಲು ಬಿಗಿಹಿಡಿದಿರುತ್ತೀರಾ?" ಅವಳು ಗಮನಿಸಿಯೇ ಇರಲಿಲ್ಲ. ಕೆಲವು ವಾರ ಮೆತ್ತನೆಯ ಊಟ, ಕೆನ್ನೆಗೆ ಬಿಸಿ ಬಟ್ಟೆ, ದವಡೆಗೆ ಲಘು ವ್ಯಾಯಾಮ. ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ. ಇಂಥ ನೋವು ಬಹುಪಾಲು ಇಷ್ಟರಲ್ಲೇ ಇಳಿಯುತ್ತದೆ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ ಎಂದರು.

ಕಷ್ಟವನ್ನು ಹಲ್ಲು ಕಚ್ಚಿಕೊಂಡು ಸಹಿಸುವುದು ಕನ್ನಡದ ಮಾತು. ತೆಲುಗಿನಲ್ಲಿ 'ಪಂಟಿ ಬಿಗುವುನ' ಎನ್ನುತ್ತಾರೆ. ಎರಡೂ ಭಾಷೆಗೆ ಗೊತ್ತಿದ್ದದ್ದು ಬಣ್ಣದ ಕಾಗದಕ್ಕೆ ಕಾಣಲಿಲ್ಲ.

ಜೂನ್ ಹೊತ್ತಿಗೆ ಅವಳು ರೊಟ್ಟಿ ತಿನ್ನತೊಡಗಿದಳು. ಆಕಳಿಸಿದರೆ ಈಗಲೂ ಟಕ್ ಎನ್ನುತ್ತದೆ. ಬೆಂಜ್ ಸರ್ಕಲ್‌ನಲ್ಲಿ ಕೆಂಪು ದೀಪ ಬಿದ್ದಾಗಲೆಲ್ಲ ಅವಳು ಹೆಲ್ಮೆಟ್‌ನೊಳಗೆ ಹಲ್ಲು ಸಡಿಲಿಸುತ್ತಾಳೆ.