ಒಂದೂವರೆ ವೇಗ

ಕಳೆದ ವರ್ಷ ಒಂದು ಸಣ್ಣ ಕನ್ನಡ ಚಿತ್ರದ ಬಗ್ಗೆ ಬರೆಯುತ್ತಾ ‘ನಿರೂಪಣೆ ತೀರಾ ನಿಧಾನ, ತಾಳ್ಮೆ ಕೆಡಿಸುತ್ತದೆ’ ಎಂದಿದ್ದೆ. ಆ ಚಿತ್ರವನ್ನು ನಾನು ನೋಡಿದ್ದು ಒಂದೂವರೆ ಪಟ್ಟು ವೇಗದಲ್ಲಿ.

ಚಿತ್ರದ ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನ ತಪ್ಪು ಮತ್ತೊಮ್ಮೆ ಅದರ ಹೆಸರಿಗೇ ಅಂಟಿಕೊಳ್ಳುತ್ತದೆ.

ತಮಿಳುನಾಡಿನ ಗಡಿ ಊರು ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಸ್ಟೋರ್ಸ್ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಲಾರಿಯಿಂದ ಇಳಿದ ಮಾಲನ್ನು ಬಿಚ್ಚಿ, ಎಣಿಸಿ, ಆಮೇಲೆ ಜಿಆರ್‌ಎನ್, ಅಂದರೆ ಮಾಲು ಬಂದ ರಸೀದಿ, ಹಾಕಬೇಕು. ಡಬ್ಬ ಬಿಚ್ಚದೆ ಸಹಿ ಮಾಡಿದವನಿಗೆ ಮೆಮೊ ಗ್ಯಾರಂಟಿ. ಇಪ್ಪತ್ತು ವರ್ಷದಲ್ಲಿ ನನಗೆ ಒಂದೂ ಮೆಮೊ ಬಂದಿಲ್ಲ. ರಾತ್ರಿ ಹೊತ್ತು ಬೆಂಗಳೂರಿನ ಒಂದು ವಾರಪತ್ರಿಕೆಗೆ ಓಟಿಟಿ ವಿಮರ್ಶೆ ಬರೆಯುತ್ತೇನೆ. ಅಲ್ಲಿ ಮಾತ್ರ ಬಿಚ್ಚದ ಡಬ್ಬಗಳಿಗೆ ಎಷ್ಟೋ ಸಲ ಸಹಿ ಹಾಕಿದ್ದೇನೆ.

ಶುರುವಾಗಿದ್ದು 2020ರಲ್ಲಿ. ಚಿತ್ರಮಂದಿರಗಳಿಗೆ ಬೀಗ ಬಿದ್ದಿತ್ತು. ಜುಲೈ 17ಕ್ಕೆ ‘ಲಾ’ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂತು, ಮರುವಾರವೇ ‘ಫ್ರೆಂಚ್ ಬಿರಿಯಾನಿ’. ಎರಡೂ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ನಿರ್ಮಾಣದವು. ಅತ್ತಿಬೆಲೆ ಗಡಿಯಲ್ಲಿ ಇ-ಪಾಸ್ ಕೇಳುತ್ತಿದ್ದ ದಿನಗಳಲ್ಲಿ, ಗಡಿಯಾಚೆಯ ಹೊಸ ಸಿನಿಮಾ ಪಾಸಿಲ್ಲದೆ ನಮ್ಮ ಹಜಾರಕ್ಕೆ ಬಂದು ಕೂತಿತ್ತು. ಆ ಖುಷಿಯಲ್ಲಿ ಬರೆಯತೊಡಗಿದೆ. ಮೊದಮೊದಲು ಒಂದು ಚಿತ್ರವನ್ನು ಎರಡು ಸಲ ನೋಡುತ್ತಿದ್ದೆ.

ಆಮೇಲೆ ವಾರಕ್ಕೆ ಒಂದಿದ್ದದ್ದು ಮೂರಾಯಿತು. ಎಂಟು ಕಂತಿನ ಸರಣಿಗಳು ಬಂದವು. ಶುಕ್ರವಾರ ಬಿಡುಗಡೆಯಾದದ್ದಕ್ಕೆ ಭಾನುವಾರ ಬೆಳಿಗ್ಗೆಯೊಳಗೆ 350 ಪದ ಕಳಿಸಬೇಕು. ನೆಟ್‌ಫ್ಲಿಕ್ಸ್ 2019ರಲ್ಲಿ ವೇಗ ಬದಲಿಸುವ ಗುಂಡಿಯನ್ನು ಪರೀಕ್ಷೆಗೆ ಬಿಟ್ಟಾಗ ಜಡ್ ಅಪಟೋ ಮುಂತಾದ ಹಾಲಿವುಡ್ ನಿರ್ದೇಶಕರು ಸಿಟ್ಟಿಗೆದ್ದಿದ್ದರು. ಮರುವರ್ಷ ಗುಂಡಿ ಬಂದೇಬಿಟ್ಟಿತು. ಅವರ ಸಿಟ್ಟಿನ ಸುದ್ದಿ ಓದಿ ‘ಸರಿಯಾಗಿ ಹೇಳಿದರು’ ಎಂದು ತಲೆದೂಗಿದವರಲ್ಲಿ ನಾನೂ ಒಬ್ಬ. ಗುಂಡಿ ಕೈಗೆ ಸಿಕ್ಕಾಗ ಮೊದಲು 1.25 ಒತ್ತಿದೆ. ಹಾಡಿಗೆ ಮಾತ್ರ ಅಂದುಕೊಂಡೆ. ಆಮೇಲೆ ಹೊಡೆದಾಟಕ್ಕೆ, ಆಮೇಲೆ ಯಾರೂ ಮಾತಾಡದ ದೃಶ್ಯಗಳಿಗೆ. ಕೊನೆಗೆ 1.5ಕ್ಕೆ ಇಟ್ಟು, ಕಾಲ ಮೇಲೆ ಕಾಲು ಹಾಕಿ, ನಡುನಡುವೆ ಫೋನು ನೋಡುತ್ತಾ ಪೂರ್ತಿ ಚಿತ್ರ ಮುಗಿಸುವಷ್ಟು ಪಳಗಿದೆ.

ಸಿಕ್ಕಿಬಿದ್ದದ್ದು ಅಮ್ಮನ ಕೈಲಿ. ಲ್ಯಾಪ್‌ಟಾಪಿನಿಂದ ಟಿವಿಗೆ ವೈರು ಕೊಟ್ಟು ಆ ಸಣ್ಣ ಚಿತ್ರವನ್ನು ಓಡಿಸುತ್ತಿದ್ದೆ. ವಿಮರ್ಶೆ ಅಚ್ಚಾಗಿ ವಾರ ಕಳೆದಿತ್ತು. ಯಾವುದೋ ಪಾತ್ರದ ಹೆಸರು ತಪ್ಪಾಗಿದೆ ಎಂದು ಓದುಗರೊಬ್ಬರು ಬರೆದದ್ದಕ್ಕೆ ಮತ್ತೆ ತೆಗೆದಿದ್ದೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಬಂದು ಕೂತವಳು ಎರಡು ನಿಮಿಷ ನೋಡಿ ಕೇಳಿದಳು: “ಯಾಕಪ್ಪಾ, ಇವ್ರೆಲ್ಲಾ ಬಸ್ಸು ಹಿಡಿಯಕ್ಕೆ ಹೊಂಟವ್ರಾ?”

ನಾಚಿಕೆಯಿಂದ ವೇಗ ಇಳಿಸಿದೆ. ತೆರೆಯ ಮೇಲೆ, ಮನೆಯ ಮುಂದೆ ಹೆಂಗಸೊಬ್ಬಳು ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಮಾತಿಲ್ಲ, ಸಂಗೀತವಿಲ್ಲ, ಮೊರದ ಸದ್ದು ಮಾತ್ರ. ಅಮ್ಮ ಅವರೆಕಾಯಿ ಬಿಟ್ಟು ನೋಡಿದಳು. “ಈ ಹುಡ್ಗಿ ಕೇರೋದ್ನ ಕಲ್ತೇ ಮಾಡವ್ಳೆ ನೋಡು. ಹೊಟ್ಟು ಮುಂದಕ್ ಹೋಗ್ತೈತೆ, ಕಾಳು ಹಿಂದಕ್ ಬತ್ತೈತೆ. ಸಿನ್ಮಾದೋರು ಸುಮ್ಕೆ ಮೊರ ಅಲ್ಲಾಡಿಸ್ತಾರೆ.”

ಆ ನಟಿಯ ಬಗ್ಗೆ ನಾನು ಬರೆದಿದ್ದು ಎರಡು ಪದ: ‘ನಟನೆ ಪರವಾಗಿಲ್ಲ.’ ಒಂದೂವರೆ ವೇಗದಲ್ಲಿ ಕೇರಲು ಬರುವವಳೂ ಬಾರದವಳೂ ಒಂದೇ ಥರ ಕಾಣುತ್ತಾರೆ. ಬೇಸರ ಮುಖದಲ್ಲಿ ಮೂಡುವ ಮೊದಲೇ ದೃಶ್ಯ ಮುಗಿದಿರುತ್ತದೆ. ಇಷ್ಟಾದರೂ ‘ನಿಧಾನ’ ಅನ್ನಿಸಿದ್ದು ಹೇಗೆ? ಕಳೆದ ಐದು ವರ್ಷದ ನನ್ನ ಬರಹಗಳನ್ನು ತೆಗೆದು, ಸ್ಟೋರ್ಸಿನಲ್ಲಿ ಮಾಲು ಎಣಿಸುವ ಹಾಗೆ ಆ ಪದವನ್ನು ಎಣಿಸಿದೆ. ಮೊದಲ ವರ್ಷ ಎರಡು ಕಡೆ ಇತ್ತು. ಈಚಿನ ಬರಹಗಳಲ್ಲಿ ಮೂರಕ್ಕೊಂದರಲ್ಲಿ ಇದೆ. ಐದು ವರ್ಷದಲ್ಲಿ ಸಿನಿಮಾಗಳೆಲ್ಲ ಸೇರಿ ನಿಧಾನವಾಗಲು ಸಂಚು ಮಾಡಿರಲಾರವು. ನನ್ನ ಅವಸರವನ್ನೇ ಚಿತ್ರದ ದೋಷವೆಂದು ಬರೆಯುತ್ತಾ ಬಂದಿದ್ದೆ.

ಹುಡುಕುತ್ತಾ ಹೋದರೆ ಇನ್ನೊಂದು ರೋಗವೂ ಸಿಕ್ಕಿತು, ಇದು ಗಡಿಯದ್ದು. 2020ರ ನವೆಂಬರ್ 12ಕ್ಕೆ ತಮಿಳಿನ ‘ಸೂರರೈ ಪೋಟ್ರು’ ಪ್ರೈಮ್‌ನಲ್ಲಿ ಬಂತು, ಕನ್ನಡದ ದನಿಯೊಂದಿಗೆ. ಡಬ್ಬಿಂಗ್ ವಿರೋಧ ನಮ್ಮಲ್ಲಿ ದಶಕಗಳ ಕಾಲ ಗಟ್ಟಿಯಾಗಿ ನಿಂತಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ತೀರ್ಪು ಕೊಟ್ಟ ಮೇಲೂ ಥಿಯೇಟರುಗಳಲ್ಲಿ ಅಳುಕು ಉಳಿದಿತ್ತು. ಮನೆಯೊಳಗಿನ ಟಿವಿಯ ಮುಂದೆ ಯಾರು ಧರಣಿ ಕೂರುತ್ತಾರೆ? ಚಿತ್ರದ ಕಥೆಗೆ ಪ್ರೇರಣೆ ವಿಮಾನ ಸಂಸ್ಥೆ ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಬದುಕು. ನಿರ್ದೇಶಕಿ ಸುಧಾ ಕೊಂಗರ ಅವರ ಚಿತ್ರದಲ್ಲಿ ಆ ಹೇಮಾವತಿ ದಡದ ಮನುಷ್ಯ ಮಧುರೆ ಕಡೆಯ ಹುಡುಗನಾಗಿದ್ದ. ನಾನು 350 ಪದಗಳಲ್ಲಿ ಅರ್ಧವನ್ನು ‘ನಮ್ಮವರನ್ನು ಅವರು ಮಾಡಿಕೊಂಡರು’ ಎಂಬ ದೂರಿಗೇ ಮೀಸಲಿಟ್ಟೆ. ಡಬ್ಬಿಂಗ್ ಕೃತಕ ಎಂದೂ ಸೇರಿಸಿದೆ. ಕನ್ನಡ ದನಿಯನ್ನು ಕೇಳಿದ್ದು ಹತ್ತು ನಿಮಿಷ. ಮಿಕ್ಕಿದ್ದನ್ನು ತಮಿಳಿನಲ್ಲೇ, ಆರಾಮಾಗಿ ನೋಡಿದ್ದೆ.

2025ರ ಜೂನ್‌ನಲ್ಲಿ ಕಮಲ್ ಹಾಸನ್ ಅವರ ತಮಿಳು ಚಿತ್ರ ‘ಥಗ್ ಲೈಫ್’ ಬಂದಾಗ ಇನ್ನೂ ಕೆಳಗಿಳಿದೆ. ಕನ್ನಡ ಹುಟ್ಟಿದ್ದು ತಮಿಳಿನಿಂದ ಎಂಬ ಅರ್ಥದ ಅವರ ಮಾತಿಗೆ ಕರ್ನಾಟಕ ಕೆರಳಿತ್ತು, ಚಿತ್ರ ಅಲ್ಲಿ ತೆರೆಕಾಣಲಿಲ್ಲ. ಬೆಂಗಳೂರಿನ ಅಭಿಮಾನಿಗಳು ಗಡಿ ದಾಟಿ ನಮ್ಮ ಹೊಸೂರಿಗೆ ಬಂದು ನೋಡಿ ಹೋದರು. 2018ರಲ್ಲಿ ‘ಕಾಲಾ’ ಬಿಡುಗಡೆಯಾದಾಗಲೂ ಹೀಗೇ ಬಂದಿದ್ದರು. ಮನೆಯಿಂದ ನಡೆದು ಹೋಗುವ ದೂರದಲ್ಲಿ ‘ಥಗ್ ಲೈಫ್’ ಓಡುತ್ತಿದ್ದರೂ ನಾನು ಹೋಗಲಿಲ್ಲ. ಜುಲೈ 3ಕ್ಕೆ ಅದು ನೆಟ್‌ಫ್ಲಿಕ್ಸ್‌ಗೆ ಬಂತು. ವಿಮರ್ಶೆಯ ಮೊದಲ ಪ್ಯಾರಾ ಜುಲೈ 2ರ ರಾತ್ರಿಯೇ ಬರೆದಾಗಿತ್ತು.

ಮಾತಿನಿಂದ ನೋವಾದದ್ದು ನಿಜ. ಅದನ್ನು ಬೇರೆ ಲೇಖನವಾಗಿ, ನನ್ನ ಹೆಸರಿನಲ್ಲಿ ಬರೆಯಬಹುದಿತ್ತು. ಬರೆದಿದ್ದರೆ ಜಗಳ ಮೈಮೇಲೆ ಬರುತ್ತಿತ್ತು. ಬೆಳಿಗ್ಗೆ ಶಿಫ್ಟಿಗೆ ಬರುವ ತಮಿಳು ಗೆಳೆಯರ ಮುಖ ನೋಡಬೇಕಿತ್ತು. ವಿಮರ್ಶೆಯೊಳಗೆ ಅಡಗಿಸಿದರೆ ಅದು ‘ಚಿತ್ರಕಥೆಯ ದೌರ್ಬಲ್ಯ’ವಾಗುತ್ತದೆ, ಸುರಕ್ಷಿತ. ಇದರ ಇನ್ನೊಂದು ಮುಖವೂ ಉಂಟು: ಕನ್ನಡದ್ದು ಎಂಬ ಒಂದೇ ಕಾರಣಕ್ಕೆ ಸಾಧಾರಣ ಚಿತ್ರಗಳಿಗೆ ಅರ್ಧ ನಕ್ಷತ್ರ ಹೆಚ್ಚು ಹಾಕಿದ್ದೇನೆ. ಗಡಿಯಲ್ಲಿ ಕೂತವನ ಪ್ರೀತಿ ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದೆ. ಪ್ರೀತಿ ನಿಜವಾಗಿದ್ದರೆ ರಾಗಿ ಕೇರುವವಳಿಗೆ ಎರಡು ನಿಮಿಷ ಕೊಡುತ್ತಿದ್ದೆ.

ಒಂದು ವಾರದ ಬರಹದಿಂದ ಏನಾಗುತ್ತದೆ ಎಂದು ಕೇಳಬಹುದು. ದೊಡ್ಡ ಚಿತ್ರಕ್ಕೆ ಏನೂ ಆಗುವುದಿಲ್ಲ. ಆದರೆ ‘ಏಕಂ’ನಂಥ ಸರಣಿಯನ್ನು ಯಾವ ವೇದಿಕೆಯೂ ಕೊಳ್ಳದೆ, 2024ರ ಜುಲೈನಲ್ಲಿ ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆ ತನ್ನದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಕನ್ನಡದ ಸಣ್ಣ ಕೆಲಸಗಳ ಸ್ಥಿತಿ ಹೀಗಿದೆ. ಪೋಸ್ಟರಿಗೆ ದುಡ್ಡಿಲ್ಲದ ಚಿತ್ರಕ್ಕೆ ‘ನಿಧಾನ’ ಎಂಬ ಒಂದು ಪದ ಸಾಕು, ಓದುಗನ ಬೆರಳು ಮುಂದಕ್ಕೆ ಸರಿಯುತ್ತದೆ.

ನನ್ನ ಮನೆಯಲ್ಲೇ ನೋಡಿ. ಅಮ್ಮನಿಗೆ ಕನ್ನಡ, ತೆಲುಗು, ತಮಿಳು ಮೂರೂ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಮಗಳು, ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯ ಮಾಡಿದ 2006ರ ಕಾಯಿದೆಯ ನಂತರದ ಕೂಸು, ಶಾಲೆಯಲ್ಲಿ ತಮಿಳು ಕಲಿತವಳು. ಕನ್ನಡ ಮಾತಾಡುತ್ತಾಳೆ, ಓದುವುದಿಲ್ಲ. ನನ್ನ ವಿಮರ್ಶೆ ಓದಬಲ್ಲವರು ಈ ಮನೆಯಲ್ಲಿ ನಾನೊಬ್ಬನೇ. ಐದು ವರ್ಷ ಯಾರೂ ಹಿಡಿಯದೆ ಉಳಿದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಸಂಪಾದಕರಿಗೆ ಫೋನು ಮಾಡಿ ಆ ಸಣ್ಣ ಚಿತ್ರದ ವಿಮರ್ಶೆಗೆ ತಿದ್ದುಪಡಿ ಹಾಕೋಣವೇ ಎಂದೆ. “ವಿಮರ್ಶೆಗೂ ತಿದ್ದುಪಡಿನಾ ಸಾರ್? ಅಭಿಪ್ರಾಯ ಅಲ್ವಾ ಅದು” ಎಂದು ನಕ್ಕರು. ಹೆಚ್ಚು ಒತ್ತಾಯಿಸಲಿಲ್ಲ. ಅವರು ಬೇಡವೆಂದದ್ದು ಒಳಗೊಳಗೆ ನನಗೆ ಸಮಾಧಾನವನ್ನೇ ತಂದಿತ್ತು.

ಅಂದಿನಿಂದ ಪ್ರತಿ ವಿಮರ್ಶೆಯ ಕೊನೆಗೆ ಒಂದು ಸಾಲು ಸೇರಿಸುತ್ತೇನೆ: ‘ಈ ಚಿತ್ರವನ್ನು ಮನೆಯಲ್ಲಿ, ಇಂಥ ಭಾಷೆಯಲ್ಲಿ, ಇಷ್ಟು ಸಲ ಕೂತು, ಅದರದೇ ವೇಗದಲ್ಲಿ ನೋಡಿದೆ.’ ಜಾಗ ಸಾಲದೆಂದು ಪತ್ರಿಕೆಯವರು ಪ್ರತಿವಾರ ಅದನ್ನು ಕತ್ತರಿಸುತ್ತಾರೆ. ಆದರೂ ಬರೆದೇ ಕಳಿಸುತ್ತೇನೆ.

ಕಳೆದ ತಿಂಗಳು ಒಂದು ವಾರ ಮಾತ್ರ ಆ ಸಾಲಿಲ್ಲದೆ ಕಳಿಸಿದೆ. ಹೇಗೂ ಕತ್ತರಿಸುತ್ತಾರೆಂಬ ಬೇಸರದಿಂದಲ್ಲ. ಆ ವಾರ ಬರೆದಿದ್ದರೆ ಸುಳ್ಳಾಗುತ್ತಿತ್ತು.