ಅಪ್ಪಾಜಿಯ ರಸೀದಿ ಫೈಲು ಮತ್ತು ನನ್ನದೊಂದು ಟಿಕ್ಕು

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕದೆ. ಡ್ರಾಫ್ಟ್‌ನಲ್ಲಿ ನಾಲ್ಕೈದು ಅರ್ಧಂಬರ್ಧ ಬರಹಗಳು ಬಿದ್ದಿವೆ. ಅವನ್ನೆಲ್ಲ ಬಿಟ್ಟು ಇವತ್ತು ಮನೆ ಕಂದಾಯದ ಬಗ್ಗೆ ಬರೀತಿದ್ದೀನಿ. ಓಡಿ ಹೋಗ್ಬೇಡಿ, ಮಧ್ಯೆ ಸ್ವಲ್ಪ ಕಥೆಯೂ ಇದೆ :)

ನಮ್ಮೂರು ಕೆರೆಬಿಳಚಿ ಹತ್ತಿರದ ಒಂದು ಸಣ್ಣ ಹಳ್ಳಿ. ಹೆಸರು ಹೇಳಿದ್ರೆ ಚನ್ನಗಿರಿಯವರಿಗೇ ಒಮ್ಮೊಮ್ಮೆ ಗೊತ್ತಾಗಲ್ಲ. ಹಾಗಾಗಿ ಯಾರಾದ್ರೂ ಕೇಳಿದ್ರೆ ನಾನು "ಕೆರೆಬಿಳಚಿ" ಅಂದುಬಿಡ್ತೀನಿ. ಅದೂ ಗೊತ್ತಾಗದಿದ್ರೆ "ಸೂಳೆಕೆರೆ ಕಡೆ". ಅದಂತೂ ಎಲ್ಲರಿಗೂ ಗೊತ್ತು.

2025ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಕಟ್ಟೆ ಮೇಲೆ ಕೂತು ಚಹಾ ಕುಡೀತಿದ್ದಾಗ ಪಂಚಾಯ್ತಿ ಬಿಲ್ ಕಲೆಕ್ಟರ್ ಬಂದರು. ಕೈಯಲ್ಲೊಂದು ಸಣ್ಣ ಮಷೀನು. ಅಪ್ಪಾಜಿ ಒಳಗೆ ಹೋಗಿ ದುಡ್ಡು ತಂದು ಎಣಿಸಿ ಕೊಟ್ಟರು. ಚೀಟಿ ಬಂತು. ಅದನ್ನ ಎರಡು ಸಲ ಓದಿ, ಮಡಚಿ, ಅಟ್ಟದ ಮೇಲಿದ್ದ ಹಳೇ ಫೈಲು ಇಳಿಸಿದರು.

ಆ ಫೈಲು ನಾನು ಚಿಕ್ಕಂದಿನಿಂದ ನೋಡಿದ್ದೇ. ಆದ್ರೆ ಬಿಚ್ಚಿ ನೋಡಿದ್ದು ಅವತ್ತೇ ಮೊದಲು. ಅಜ್ಜನ ಕಾಲದ ರಸೀದಿಗಳೂ ಅದರಲ್ಲಿವೆ. ಅಂಚು ಹಳದಿಯಾಗಿ ಪುಡಿ ಪುಡಿ ಆಗ್ತಿರೋ ಕೆಲವು ಚೀಟಿಗಳ ಮೇಲೆ "ಮಂಡಲ ಪಂಚಾಯ್ತಿ" ಅಂತಿದೆ. ಆಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು, ಚೀಟಿ ಮೇಲೆ "ಗ್ರಾಮ ಪಂಚಾಯ್ತಿ" ಆಯ್ತು. ಜಿಲ್ಲೆಯ ಹೆಸರು ಒಂದಷ್ಟು ವರ್ಷ ಶಿವಮೊಗ್ಗ, 1997ರಲ್ಲಿ ದಾವಣಗೆರೆ ಜಿಲ್ಲೆ ಆದಮೇಲೆ ದಾವಣಗೆರೆ. ಜಿಲ್ಲೆ ಬದಲಾಯ್ತು, ಪಂಚಾಯ್ತಿ ಬದಲಾಯ್ತು, ಸರ್ಕಾರಗಳು ಎಷ್ಟು ಬದಲಾದವೋ... ನಮ್ಮನೆಯವರು ಮಾತ್ರ ಒಂದು ವರ್ಷವೂ ಬಿಡದೆ ಕಟ್ಟಿದ್ದಾರೆ. ಅಡಿಕೆಗೆ ರೇಟಿಲ್ಲದ ವರ್ಷವೂ, ಮಳೆ ಕೈಕೊಟ್ಟ ವರ್ಷವೂ.

"ಇಷ್ಟೆಲ್ಲಾ ಯಾಕ್ ಇಟ್ಕಂಡೀರಿ ಅಪ್ಪಾಜಿ?" ಅಂದೆ.

"ಗ್ರಾಮಸಭೇಲಿ ಎದ್ದು ನಿಂತು ಮಾತಾಡ್ಬೇಕಲ್ಲಪ್ಪಾ. ಕಂದಾಯ ಕಟ್ಟದೋನು ಲೈಟ್ ಯಾಕ್ ಹತ್ತಿಲ್ಲ ಅಂತ ಯಾವ ಬಾಯಲ್ಲಿ ಕೇಳ್ತಾನೆ?"

ಬೀದಿ ದೀಪ ಹಾಕೋದು, ಅದರ ಕರೆಂಟ್ ಬಿಲ್ ಕಟ್ಟೋದು ಗ್ರಾಮ ಪಂಚಾಯ್ತಿಯ ಕಡ್ಡಾಯ ಕೆಲಸಗಳಲ್ಲೊಂದು. ಅಪ್ಪಾಜಿಗೆ ಕಾಯ್ದೆಯ ಸೆಕ್ಷನ್ ನಂಬರ್ ಗೊತ್ತಿಲ್ಲ, ವಿಷಯ ಗೊತ್ತು. ದೆಹಲಿಯಿಂದ ಬರೋ ಹಣಕಾಸು ಆಯೋಗದ ದುಡ್ಡಿಗೆ ಮೊದಲೇ ಚೀಟಿ ಅಂಟಿಸಿರ್ತಾರೆ. 15ನೇ ಆಯೋಗದ ಅನುದಾನದಲ್ಲಿ ನೂರಕ್ಕೆ 60ರಷ್ಟು ಕುಡಿಯೋ ನೀರು ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ದರು. ಊರೋರು ಊರಿಗಾಗಿ ಕೊಡೋ ದುಡ್ಡು ಅಂದ್ರೆ ಈ ಮನೆ ಕಂದಾಯವೇ.

ಫೈಲು ಕಟ್ಟುತ್ತಾ ಅಪ್ಪಾಜಿ ಕೇಳಿದರು, "ನಿಂದು ಬೆಂಗ್ಳೂರ್ದು ಕಟ್ಟಿದ್ಯೇನಪ್ಪಾ?"

"ಏಪ್ರಿಲಲ್ಲೇ ಕಟ್ಟಿದೀನಿ. ಬೇಗ ಕಟ್ಟಿದ್ರೆ 5 ಪರ್ಸೆಂಟ್ ಕಡಿಮೆ."

"ಹ್ಞೂಂ, ಒಳ್ಳೇದಾತು ಬಿಡು" ಅಂದರು. ಅವರಿಗೆ ಸಮಾಧಾನ ಆಯ್ತು. ನನಗೆ ಮಾತ್ರ ಚಹಾ ಗಂಟಲಲ್ಲಿ ಇಳೀಲಿಲ್ಲ. ಯಾಕೆ ಅಂತ ಹೇಳ್ತೀನಿ.

ಮೂರು ವರ್ಷದ ಹಿಂದೆ ಬೆಂಗಳೂರಿನ ಹೊರಭಾಗದಲ್ಲಿ ಒಂದು ಸಣ್ಣ ಫ್ಲ್ಯಾಟ್ ತಗೊಂಡೆ. ಬ್ಯಾಂಕ್ ಸಾಲ, ನನ್ನ ಉಳಿತಾಯ, ಜೊತೆಗೆ ಅಪ್ಪಾಜಿ ಕೊಟ್ಟ ಎರಡು ವರ್ಷದ ಅಡಿಕೆ ದುಡ್ಡು. ಒಂದು ವರ್ಷ ಅಲ್ಲೇ ಇದ್ದೆ. ಆಮೇಲೆ ಆಫೀಸು ಊರಿನ ಇನ್ನೊಂದು ತುದಿಗೆ ಹೋಯ್ತು. ಟ್ರಾಫಿಕ್ಕಲ್ಲಿ ದಿನಕ್ಕೆ ಮೂರೂವರೆ ಗಂಟೆ ಯಾರು ಕಳೀತಾರೆ? ಆಫೀಸ್ ಹತ್ತಿರ ಬಾಡಿಗೆಗೆ ಹೋದೆ, ನನ್ನ ಫ್ಲ್ಯಾಟನ್ನ ಒಬ್ಬ ನಿವೃತ್ತ ಮೇಷ್ಟ್ರ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟೆ.

2025ರ ಸೆಪ್ಟೆಂಬರಿನಲ್ಲಿ ಒಂದು ಸಂಜೆ ಮೇಷ್ಟ್ರ ಮಗಳು ಫೋನ್ ಮಾಡಿದಳು. ಬಡಾವಣೆಯ ಪಾರ್ಕಿನಲ್ಲಿ ವಾಕಿಂಗ್ ಹೋಗಿದ್ದಾಗ ಮೇಷ್ಟ್ರು ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಪಾರ್ಕಿನ ಆ ಮೂಲೆಯ ದೀಪಗಳು ಮೂರು ತಿಂಗಳಿಂದ ಹತ್ತುತ್ತಿರಲಿಲ್ಲ, ಕಾಲುದಾರಿಯ ಕಲ್ಲೊಂದು ಎದ್ದಿತ್ತು. "ಅಣ್ಣಾ, ನಾವು ಬಾಡಿಗೆಯವರು, ನಮ್ಮ ಮಾತು ಯಾರೂ ಕೇಳಲ್ಲ. ನೀವು ಓನರ್ ಅಲ್ವಾ, ಒಂದು ಕಂಪ್ಲೇಂಟ್ ಕೊಡಿ" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಲ್ಯಾಪ್‌ಟಾಪ್ ತೆಗೆದು ಒಂದು ಪತ್ರ ಬರೆಯೋಕೆ ಕೂತೆ. ನಿಮಗೆ ಗೊತ್ತಲ್ಲ, ನಾವು ಬ್ಲಾಗಿಗರು ದೂರು ಬರೆದ್ರೂ ಅದು ಲೇಖನ ಆಗಿಬಿಡುತ್ತೆ. "ಪ್ರಾಮಾಣಿಕವಾಗಿ ತೆರಿಗೆ ಕಟ್ಟುವ ನಾಗರಿಕನಾಗಿ..." ಅಂತ ಶುರು ಮಾಡಿದೆ. ಜೊತೆಗೆ ರಸೀದಿಯನ್ನೂ ಲಗತ್ತಿಸೋಣ ಅಂತ ಡೌನ್‌ಲೋಡ್ ಮಾಡಿದೆ.

ರಸೀದಿಯಲ್ಲಿತ್ತು: ಬಳಕೆ – ಸ್ವಂತ ವಾಸ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ಸ್ವಲ್ಪ ಇತಿಹಾಸ ಬೇಕು. ಬೆಂಗಳೂರಲ್ಲಿ 2000ದಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂತು. ಅದಕ್ಕೂ ಮುಂಚೆ ಅಧಿಕಾರಿ ಮನೆಗೆ ಬಂದು, ಬಾಡಿಗೆಗೆ ಕೊಟ್ರೆ ಎಷ್ಟು ಬರಬಹುದು ಅಂತ ಅಂದಾಜು ಮಾಡಿ ತೆರಿಗೆ ಹಾಕ್ತಿದ್ದರು. ಆ ಅಂದಾಜಿನ ಸುತ್ತ ಏನೇನು ನಡೀತಿತ್ತು ಅಂತ ಹಿರಿಯರನ್ನ ಕೇಳಿ. ಹೊಸ ಪದ್ಧತಿಯಲ್ಲಿ ನಿಮ್ಮ ಮನೆಯ ಅಳತೆ, ಬಳಕೆ ನೀವೇ ಬರೀರಿ, ಲೆಕ್ಕ ನೀವೇ ಹಾಕಿ, ದುಡ್ಡು ಕಟ್ಟಿ ಅಂದರು. 2008ರಲ್ಲಿ ಅದೇ ತಳಹದಿ ಮೇಲೆ ಯೂನಿಟ್ ಏರಿಯಾ ವ್ಯಾಲ್ಯೂ ಅಂತ ಮಾಡಿದರು. ಊರನ್ನ ಎ ಇಂದ ಎಫ್ ತನಕ ಆರು ವಲಯ ಮಾಡಿ, ಚದರಡಿಗೆ ಇಷ್ಟು ಅಂತ ದರ ಇಟ್ಟರು. ಸ್ವಂತ ವಾಸದ ಮನೆಗೆ ಒಂದು ದರ, ಬಾಡಿಗೆ ಮನೆಗೆ ಅದರ ಎರಡರಷ್ಟು.

ಅಂದ್ರೆ ಇಡೀ ವ್ಯವಸ್ಥೆ ನಿಂತಿರೋದು ಕಟ್ಟೋನ ನಾಲಿಗೆ ಮೇಲೆ. ನಾವು ಕೋಡ್ ಬರೆಯೋರಿಗೆ ಮೊದಲ ದಿನವೇ ಹೇಳಿಕೊಡ್ತಾರೆ, ಬಳಕೆದಾರ ಟೈಪ್ ಮಾಡಿದ್ದನ್ನ ಯಾವತ್ತೂ ನಂಬಬೇಡ ಅಂತ. ಇಲ್ಲಿ ಒಂದು ನಗರ ಲಕ್ಷಾಂತರ ಜನರನ್ನ ನಂಬಿದೆ. ನನ್ನನ್ನೂ ನಂಬಿತ್ತು. ಬಾಡಿಗೆಗೆ ಕೊಟ್ಟಮೇಲೆ ಎರಡು ಸಲ ಆ ಫಾರಂ ತುಂಬಿದ್ದೆ. "ಹಿಂದಿನ ವರ್ಷದ್ದರಲ್ಲಿ ಏನಾದರೂ ಬದಲಾವಣೆ ಇದೆಯೇ" ಅಂತ ಕೇಳಿತ್ತು. ಎರಡು ಸಲವೂ "ಇಲ್ಲ" ಅಂತ ಟಿಕ್ ಮಾಡಿದ್ದೆ. ಮರೆತು ಮಾಡಿದ್ದಲ್ಲ. ಗೊತ್ತಿದ್ದೇ ಮಾಡಿದ್ದು. "ಎಲ್ರೂ ಮಾಡ್ತಾರೆ" ಅಂತ ಒಬ್ಬ ಕಲೀಗ್ ಹೇಳಿದ್ದ, ನನಗೆ ಅಷ್ಟೇ ಬೇಕಿತ್ತು.

ಪತ್ರವನ್ನ ಅಲ್ಲಿಗೇ ಮುಚ್ಚಿದೆ. ಮೇಷ್ಟ್ರ ಮಗಳಿಗೆ "ಕೊಡ್ತೀನಿ, ಕೊಡ್ತೀನಿ" ಅಂತ ಒಂದು ತಿಂಗಳು ಸಾಗಹಾಕಿದೆ.

ಇಲ್ಲೊಂದು ಬೇರೆ ವಿಷಯ ನೆನಪಾಗುತ್ತೆ. 2023ರಲ್ಲಿ ಮೂರು ತಿಂಗಳು ಕ್ಯಾಲಿಫೋರ್ನಿಯಾಕ್ಕೆ ಆನ್‌ಸೈಟ್ ಹೋಗಿದ್ದೆ. ಶಿವಮೊಗ್ಗ ಕಡೆಯ ಒಬ್ಬ ಸೀನಿಯರ್ ಅಲ್ಲಿ ಮನೆ ಮಾಡಿದ್ದಾರೆ, ಶನಿವಾರ ಊಟಕ್ಕೆ ಕರೀತಿದ್ದರು. ಅವರ ಮನೆ ತೆರಿಗೆ ಬಿಲ್ಲು ಒಂದು ಸಲ ಟೇಬಲ್ ಮೇಲಿತ್ತು. ಮುಖ್ಯ ತೆರಿಗೆಯ ಕೆಳಗೆ ಉದ್ದದ ಪಟ್ಟಿ. ಅದರಲ್ಲೊಂದು ಸಾಲು ಬರೀ ಗಿಡಮರ, ಬೀದಿ ದೀಪಕ್ಕೆ ಅಂತಲೇ.

"ಇದೇನ್ ಸಾರ್, ದೀಪಕ್ಕೆ ಬೇರೆ ದುಡ್ಡು?" ಅಂತ ಕೇಳಿದ್ದಕ್ಕೆ ಅವರು ಅರ್ಧ ಗಂಟೆ ಪಾಠ ಮಾಡಿದರು. ಅಲ್ಲಿ 1972ರಲ್ಲೇ ಇದಕ್ಕೊಂದು ಕಾಯ್ದೆ ಮಾಡಿದಾರಂತೆ. ಒಂದು ಬಡಾವಣೆಯನ್ನ ಗೆರೆ ಎಳೆದು, ಅಲ್ಲಿನ ದೀಪ, ಪಾರ್ಕು, ರಸ್ತೆ ಬದಿ ಗಿಡ ನೋಡಿಕೊಳ್ಳೋ ಖರ್ಚನ್ನ ಅಲ್ಲಿನ ಮನೆಗಳ ಮೇಲೇ ಹಂಚೋದು. 1978ರಲ್ಲಿ ಜನ ಓಟು ಹಾಕಿ ಆಸ್ತಿ ತೆರಿಗೆಗೆ ಮೂಗುದಾರ ಹಾಕಿದರು, ಬೆಲೆಯ ಶೇಕಡಾ 1ಕ್ಕಿಂತ ಹೆಚ್ಚಿಲ್ಲ ಅಂತ. ಅಲ್ಲಿಂದ ಊರುಗಳಿಗೆ ಇಂಥ ಬೇರೆ ಬೇರೆ ಸಾಲುಗಳೇ ಆಸರೆ ಆದವು. 1996ರಲ್ಲಿ ಜನ ಅದಕ್ಕೂ ಕಡಿವಾಣ ಹಾಕಿದರು. ಹೊಸದಾಗಿ ಹಾಕಬೇಕಾದ್ರೆ ಎಂಜಿನಿಯರ್ ವರದಿ ಬೇಕು. ಆ ದೀಪದಿಂದ ಈ ಮನೆಗೆ ಆಗೋ ವಿಶೇಷ ಲಾಭ ಎಷ್ಟು, ದಾರಿಹೋಕರಿಗೂ ಆಗೋ ಸಾಮಾನ್ಯ ಲಾಭ ಎಷ್ಟು ಅಂತ ಬೇರೆ ಮಾಡಬೇಕು. ಮೊದಲನೇದನ್ನ ಮಾತ್ರ ಮನೆಯವರಿಂದ ವಸೂಲಿ ಮಾಡಬಹುದು. ಆಮೇಲೆ ಪ್ರತಿ ಮಾಲೀಕನಿಗೂ ಅಂಚೆಯಲ್ಲಿ ಮತಪತ್ರ. ಕಟ್ಟೋ ಮೊತ್ತ ಎಷ್ಟೋ ಓಟಿನ ತೂಕ ಅಷ್ಟು. ವಾಪಸ್ ಬಂದ ಓಟಲ್ಲಿ ಬೇಡ ಅನ್ನೋರ ತೂಕ ಹೆಚ್ಚಾದ್ರೆ ಆ ಸಾಲು ಬರಲ್ಲ.

ಅವತ್ತು ನನಗೆ ಇದು ಸಕತ್ ಅನ್ನಿಸಿತ್ತು. ನಮ್ಮ ಬೆಂಗಳೂರಿನ ರಸೀದಿಯಲ್ಲೂ ಹೆಸರಿಟ್ಟ ಸಾಲುಗಳಿವೆ. ತೆರಿಗೆ ಮೇಲೆ ಆರೋಗ್ಯಕ್ಕೆ ಶೇಕಡಾ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ದೀಪಕ್ಕೆ, ಪಾರ್ಕಿಗೆ ಹೆಸರಿಲ್ಲ, ಅವು ದೊಡ್ಡ ಮೊತ್ತದೊಳಗೆ ಕರಗಿ ಹೋಗುತ್ತವೆ. 1905ರಲ್ಲೇ ಕರೆಂಟ್ ಬೀದಿ ದೀಪ ಕಂಡ ಊರು ನಮ್ಮದು. ಅಲ್ಲಿ ನನ್ನ ದುಡ್ಡಲ್ಲಿ ಯಾವ ಬಲ್ಬು ಉರೀತಿದೆ ಅಂತ ನನಗೆ ಗೊತ್ತಿಲ್ಲ.

ಆದ್ರೆ ಈಗ ಯೋಚಿಸಿದ್ರೆ ಆ ಪದ್ಧತಿಯಲ್ಲೂ ಏನೋ ಚುಚ್ಚುತ್ತೆ. ಮೇಷ್ಟ್ರ ಮನೆಗೆ ಮತಪತ್ರ ಬರ್ತಿರಲಿಲ್ಲ, ನನಗೆ ಬರ್ತಿತ್ತು. ದಿನಾ ಆ ಪಾರ್ಕಲ್ಲಿ ನಡೆಯೋರು ಅವರು. ವರ್ಷಕ್ಕೊಮ್ಮೆ ಕೂಡ ಹೋಗದ ನಾನು "ಬೇಡ" ಅಂತ ಗೀಚಿ ಕಳಿಸಿದ್ರೆ? ಇನ್ನೊಂದು, ಪ್ರತಿ ಬಡಾವಣೆಯೂ ತನ್ನ ದೀಪ ತಾನೇ ಹಚ್ಚಿಕೊಳ್ಳೋದಾದ್ರೆ, ದುಡ್ಡಿರೋ ಬಡಾವಣೆ ಝಗಮಗ, ಪಕ್ಕದ ಬಡವರ ಓಣಿ ಕತ್ತಲು. ಹೆಸರಿಲ್ಲದ ದೊಡ್ಡ ಮೊತ್ತಕ್ಕೆ ಇರೋ ಒಂದೇ ಒಂದು ಘನತೆ ಅಂದ್ರೆ ಅದು ಇನ್ನೊಬ್ಬರ ಓಣಿಗೂ ಹೋಗಬಹುದು ಅನ್ನೋದು. ನಾನು ಟಿಕ್ ಮಾಡಿ ಉಳಿಸಿಕೊಂಡದ್ದು ಅದನ್ನ.

ದೀಪಾವಳಿಯ ರಾತ್ರಿ ಇದನ್ನೆಲ್ಲ ಅಪ್ಪಾಜಿಗೆ ಹೇಳಿಬಿಟ್ಟೆ. ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆರೆ ನೀರು ತಗಳೋನು ಕಾಲುವೆ ಹೂಳು ಎತ್ತೋಕ್ ಬರ್ಬೇಕಪ್ಪಾ. ಬರ್ದಿದ್ರೆ ನೀರೇನು ನಿಲ್ಲಲ್ಲ. ಆದ್ರೆ ಬಂದೋರ ಮುಖ ನೋಡೋಕಾಗಲ್ಲ" ಅಂದರು.

ಸೂಳೆಕೆರೆ ಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕೆರೆ ಕೆಳಗಿನ ಜಮೀನಿನಿಂದಲೇ ಕೆರೆಯ ದುರಸ್ತಿಗೆ ಪಾಲು ತೆಗೆದಿಡೋದು ಈ ನಾಡಿನಲ್ಲಿ ಬಹಳ ಹಳೇದು. ಶಾಸನಗಳಲ್ಲಿ ಬಿತ್ತುವಟ್ಟ, ದಶವಂದ ಅನ್ನೋ ಮಾತುಗಳು ಬರುತ್ತವೆ. ಲಾಭ ಪಡೆದವನು ಕಾಪಾಡೋಕೂ ಕೊಡಬೇಕು ಅನ್ನೋದನ್ನ ಕಲಿಯೋಕೆ ನಾನು ಕ್ಯಾಲಿಫೋರ್ನಿಯಾ ತನಕ ಹೋಗಬೇಕಿರಲಿಲ್ಲ. ಅಟ್ಟದ ಮೇಲಿನ ಫೈಲು ಸಾಕಿತ್ತು.

ವಾಪಸ್ ಬಂದ ವಾರವೇ ರಜೆ ಹಾಕಿ ಕಂದಾಯದ ಕಚೇರಿಗೆ ಹೋದೆ. ಅಷ್ಟರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಐದು ಪಾಲಿಕೆಗಳಾಗಿದ್ದವು. ಯಾವ ಟೇಬಲ್ಲಿಗೆ ಹೋಗಬೇಕು ಅಂತ ಹುಡುಕೋದರಲ್ಲೇ ಬೆಳಗ್ಗೆ ಕಳೀತು. ಕೊನೆಗೆ ಸಿಕ್ಕ ಗುಮಾಸ್ತರಿಗೆ, ಸ್ವಂತ ವಾಸ ಅಂತಿರೋದನ್ನ ಬಾಡಿಗೆ ಅಂತ ಮಾಡಬೇಕು, ಹಿಂದಿನ ವ್ಯತ್ಯಾಸವನ್ನೂ ಕಟ್ಟಬೇಕು ಅಂದೆ. ಅವರು ಕನ್ನಡಕ ಇಳಿಸಿ ನೋಡಿದರು.

"ನೋಟಿಸ್ ಬಂತಾ ಸರ್?"

"ಇಲ್ಲ."

"ಮತ್ಯಾಕೆ?"

ನನಗೆ ಉತ್ತರ ಹೊಳೀಲಿಲ್ಲ. "ಒಂದು ಕಂಪ್ಲೇಂಟ್ ಕೊಡೋದಿದೆ" ಅಂದೆ. ಅವರು ನಕ್ಕುಬಿಟ್ಟರು. ಪಾಪ, ಕೆಲಸ ಮಾತ್ರ ಮಾಡಿಕೊಟ್ಟರು. ವ್ಯತ್ಯಾಸ, ದಂಡ, ಬಡ್ಡಿ ಎಲ್ಲ ಸೇರಿ ಬಂದ ಮೊತ್ತ ನಾನು ಹೋದ ವರ್ಷ ತಗೊಂಡ ಹೆಡ್‌ಫೋನ್‌ಗಿಂತ ಕಡಿಮೆ. ಇಷ್ಟಕ್ಕಾ ಅಷ್ಟು ದಿನ ಮುಖ ಮುಚ್ಚಿಕೊಂಡಿದ್ದು ಅನ್ನಿಸಿ ಇನ್ನೂ ನಾಚಿಕೆ ಆಯ್ತು.

ಅವತ್ತು ರಾತ್ರಿಯೇ ದೂರು ಬರೆದೆ. ನಾಲ್ಕೇ ಸಾಲು. "ಪ್ರಾಮಾಣಿಕವಾಗಿ ತೆರಿಗೆ ಕಟ್ಟುವ ನಾಗರಿಕನಾಗಿ" ಅನ್ನೋದನ್ನ ಅಳಿಸಿದೆ. ಎರಡು ವಾರಕ್ಕೆ ಪಾರ್ಕಿನ ಆ ಮೂಲೆಯಲ್ಲಿ ನಾಲ್ಕು ದೀಪಗಳಲ್ಲಿ ಮೂರು ಹತ್ತಿದವು. ಕಲ್ಲು ಇನ್ನೂ ಹಾಗೇ ಇದೆ, ಅದಕ್ಕೆ ಇನ್ನೊಂದು ದೂರು ಹೋಗಿದೆ. ಮೇಷ್ಟ್ರು ಬ್ಯಾಂಡೇಜು ಬಿಚ್ಚಿಸಿ ಮತ್ತೆ ವಾಕಿಂಗ್ ಶುರು ಮಾಡಿದ್ದಾರೆ. ಅವರಿಗೆ ಈ ಟಿಕ್ಕಿನ ಕಥೆ ಹೇಳಿಲ್ಲ. ಈ ಬ್ಲಾಗ್ ಓದಿದ್ರೆ ಗೊತ್ತಾಗುತ್ತೆ.

ಹೊಸ ರಸೀದಿಯ ಪ್ರಿಂಟ್ ತೆಗೆದು ಒಂದು ಫೈಲಿಗೆ ಹಾಕಿದ್ದೀನಿ. ಸದ್ಯಕ್ಕೆ ಅದರಲ್ಲಿರೋದು ಒಂದೇ ಹಾಳೆ.

ಸ್ವಂತ ಮನೆ ಇರೋ ಬ್ಲಾಗಿಗ ಗೆಳೆಯರೇ, ಬೈಯೋದಿದ್ರೆ ಬೈದು ಹೋಗಿ, ಬೇಜಾರಿಲ್ಲ. ಆದ್ರೆ ಮೊದಲು ನಿಮ್ಮ ರಸೀದಿಯನ್ನೊಮ್ಮೆ ತೆಗೆದು ನೋಡಿ :)