ಹೊಗೆಸೊಪ್ಪಿನ ಸೀಮೆಯಲ್ಲಿ ‘ಭೀಮ’ನನ್ನು ಕಂಡ ರಾತ್ರಿ

ಮೈಸೂರಿನಿಂದ ಮಡಿಕೇರಿಯ ದಾರಿ ಹಿಡಿದು ಪಡುವಲಿಗೆ ಸುಮಾರು 45 ಕಿಲೋಮೀಟರು ಸಾಗಿದರೆ ಲಕ್ಷ್ಮಣತೀರ್ಥದ ದಡದಲ್ಲಿ ಹುಣಸೂರು ಸಿಕ್ಕುತ್ತದೆ. ಅಲ್ಲಿಂದ ಮುಂದಕ್ಕೆ ಪಿರಿಯಾಪಟ್ಟಣದವರೆಗೆ, ತೆಂಕಲಿಗೆ ಹೆಗ್ಗಡದೇವನಕೋಟೆಯ ಕಾಡಂಚಿನವರೆಗೆ, ಶ್ರಾವಣಮಾಸದಲ್ಲಿ ಸಂಚರಿಸುವವರನ್ನು ಒಂದು ವಾಸನೆ ಬಿಡದೆ ಹಿಂಬಾಲಿಸುತ್ತದೆ. ಅದು ಹೊಗೆಸೊಪ್ಪು ಬೇಯುವ ವಾಸನೆ. ಸಿಹಿಯೂ ಘಾಟೂ ಬೆರೆತ ಅದನ್ನು ಒಮ್ಮೆ ಮೂಸಿದವರು ಮರೆಯಲಾರರು. ಹೊಲಹೊಲಕ್ಕೂ ಎತ್ತರವಾದ, ಕಿಟಕಿಗಳಿಲ್ಲದ ಬ್ಯಾರನ್ನುಗಳು. ಅವುಗಳ ಬುಡದಲ್ಲಿ ಹಗಲಿರುಳೂ ಉರಿಯುವ ಒಲೆಗಳು. ಪಕ್ಕದಲ್ಲಿ ಸೌದೆಯ ಒಟ್ಟಲು. ಹಸಿ ಎಲೆ ಹಳದಿಗೆ ತಿರುಗಿ, ಒಣಗಿ, ಅದರ ನರವೂ ಒಣಗುವ ತನಕ ಐದಾರು ದಿನ ಶಾಖವನ್ನು ಹಂತಹಂತವಾಗಿ ಏರಿಸುತ್ತ ಹೋಗಬೇಕು. ಒಂದು ರಾತ್ರಿ ಕಾವಲುಗಾರ ತೂಕಡಿಸಿದರೆ ಮನೆಯ ವರ್ಷದ ಗಳಿಕೆಯ ಒಂದು ಪಾಲು ಕಪ್ಪಾಗಿಬಿಡುತ್ತದೆ.

ಈ ಸೀಮೆಯ ಜನಕ್ಕೆ ಕಳ್ಳಸಾಗಣೆಯ ಸಿನಿಮಾ ಹೊಸದಲ್ಲ. 1973ರ ‘ಗಂಧದ ಗುಡಿ’ಯಲ್ಲಿ ರಾಜಕುಮಾರರು ಅರಣ್ಯಾಧಿಕಾರಿಯಾಗಿ ಬಂದಾಗ ಕಳ್ಳನೆಂದರೆ ಕಾಡಿನ ಸಂಪತ್ತನ್ನು ಕದಿಯುವವನು. ಆತನನ್ನು ಜನರು ಕಣ್ಣಿಂದ ಗುರುತಿಸಬಲ್ಲವರಾಗಿದ್ದರು. ಕಡಿದ ಮರದ ಬುಡ ಕಾಣುತ್ತದೆ, ಗಾಡಿಯ ಜಾಡು ಕಾಣುತ್ತದೆ. ಇಂದಿನ ಕಳ್ಳಸಾಗಣೆಯ ಸರಕು ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ.

2025ರ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಗ್ರಾಮದಲ್ಲಿ ನಾವು ಕೆಲದಿನ ತಂಗಿದ್ದೆವು. ಪ್ರಸಾದವಾದ ಮೇಲೆ ಮನೆಯ ಮೊಮ್ಮಗ ಬ್ಯಾರನ್ ಕಾಯಲು ಹೊರಟನು. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುವ ಹುಡುಗ. ರಜೆಯ ಎರಡು ದಿನ ಅಜ್ಜನಿಗೆ ಕೈಯಾಸರೆಯಾಗಲು ಬಂದಿದ್ದನು. ನಿದ್ರೆ ಬಾರದಿರಲೆಂದು ಸೌದೆಯ ಒಟ್ಟಲಿಗೆ ಮೊಬೈಲನ್ನು ಒರಗಿಸಿ ಚಿತ್ರವೊಂದನ್ನು ಹಚ್ಚಿದನು. ಅಜ್ಜ ಕಂಬಳಿ ಹೊದ್ದು ಕುಳಿತರು. ನಾವೂ ಕುರ್ಚಿ ಎಳೆದುಕೊಂಡೆವು.

ಚಿತ್ರದ ಹೆಸರು ‘ಭೀಮ’. ದುನಿಯಾ ವಿಜಯ್ ಅವರು ತಾವೇ ನಿರ್ದೇಶಿಸಿ ನಾಯಕರಾಗಿಯೂ ನಟಿಸಿ 2024ರ ಆಗಸ್ಟ್ 9ರಂದು ತೆರೆಗೆ ತಂದ ಚಿತ್ರ. ಬೆಂಗಳೂರಿನ ಬಡಾವಣೆಗಳ ಎಳೆಯರ ಕೈಗೆ ಮಾದಕ ವಸ್ತು ಹೇಗೆ ತಲಪುತ್ತದೆ, ಅದನ್ನು ಮಾರುವವನು ಹೇಗೆ ಬೆಳೆಯುತ್ತಾನೆ, ಅವನೆದುರು ನಿಂತವರ ಗತಿಯೇನು ಎಂಬುದೇ ಅದರ ವಸ್ತು. ಚಿತ್ರ ಓಡುವಾಗ ಎದೆ ಬಿಗಿಯುತ್ತದೆ, ಸುಳ್ಳಲ್ಲ. ಗಿರಿಜಾ ಎಂಬ ಪೊಲೀಸ್ ಅಧಿಕಾರಿಯ ಪಾತ್ರದಲ್ಲಿ ಪ್ರಿಯಾ ಶಠಮರ್ಷಣ್ ಅವರ ಗತ್ತು ಮೆಚ್ಚತಕ್ಕದ್ದು. ಆದರೆ ಮಚ್ಚು ಲಾಂಗುಗಳ ಆರ್ಭಟ ಅತಿಯಾಯಿತೆಂಬುದು ನಮ್ಮ ಅಭಿಪ್ರಾಯ. ರಕ್ತ ಕಂಡಾಗಲೆಲ್ಲ ಅಜ್ಜ ಎದ್ದು ಒಲೆಗೆ ಸೌದೆ ನೂಕಲು ಹೋಗುತ್ತಿದ್ದರು; ಅಂದು ಒಲೆಗೆ ಬೇಕಾದುದಕ್ಕಿಂತ ಹೆಚ್ಚು ಸೌದೆ ಬಿದ್ದಿರಬಹುದು. ಕಾಫಿ ತಂದ ಹುಡುಗನ ತಾಯಿ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿ, “ಈ ಹೈಕಳ ಅವ್ವಂದ್ರಿಗೆ ಮೊದಲೇ ಗೊತ್ತಾಗ್ಲಿಲ್ವಾ?” ಎಂದರು. ಮಗನು ಮೊಬೈಲಿನಿಂದ ಕಣ್ಣೆತ್ತಲಿಲ್ಲ.

ಆ ತಾಯಿಯ ಮಾತಿಗೆ ಕಾರಣವಿತ್ತು. ಕೆಲವೇ ದಿನಗಳ ಹಿಂದೆ, ಅದೇ ಜುಲೈ ತಿಂಗಳ ಕೊನೆಯಲ್ಲಿ, ಮುಂಬಯಿಯ ಸಾಕಿನಾಕಾ ಠಾಣೆಯ ಪೊಲೀಸರು ಮೈಸೂರಿಗೆ ಬಂದು ವರ್ತುಲ ರಸ್ತೆಯ ಬಳಿಯ ಶೆಡ್ಡೊಂದರ ಮೇಲೆ ದಾಳಿ ಮಾಡಿದ್ದರು. ಸುಮಾರು 187 ಕಿಲೋ ಮೆಫೆಡ್ರೋನ್, ಅಂದರೆ ಬೀದಿಯ ಭಾಷೆಯಲ್ಲಿ ‘ಎಂ.ಡಿ.’, ಅಲ್ಲಿ ದೊರೆಯಿತು. ಪೊಲೀಸರ ಅಂದಾಜಿನಲ್ಲಿ ಅದರ ಬೆಲೆ 380 ಕೋಟಿ ರೂಪಾಯಿಗೂ ಮೇಲು. ಮುಂಬಯಿಯಲ್ಲಿ ಒಬ್ಬನ ಬಳಿ ಸಿಕ್ಕ ಕೆಲವೇ ಗ್ರಾಮುಗಳ ಎಳೆ ಹಿಡಿದು ತಿಂಗಳುಗಟ್ಟಲೆ ಹಿಂಬಾಲಿಸಿ ಅವರು ಇಲ್ಲಿಗೆ ಮುಟ್ಟಿದ್ದರು. ‘ಭೀಮ’ದಲ್ಲಿ ಮುಷ್ಟಿಯಿಂದ ಆಗುವ ಕೆಲಸ ನಿಜದಲ್ಲಿ ಹೀಗೆ ತಾಳ್ಮೆಯಿಂದ ಆಯಿತು. ನಮಗೆ ಆ ಚಿತ್ರಕ್ಕಿಂತ ಈ ಎಳೆಯ ಕಥೆಯೇ ಹೆಚ್ಚು ರೋಮಾಂಚಕಾರಿಯಾಗಿ ಕಂಡಿತು. ದಸರೆಯ ಊರು, ವಿದ್ಯೆಯ ಊರು ಎಂದು ಹಳ್ಳಿಯ ತಂದೆತಾಯಿಗಳು ನಂಬಿ ಮಕ್ಕಳನ್ನು ಕಳಿಸುವ ಮೈಸೂರಿನಲ್ಲಿ ಇಷ್ಟು ದೊಡ್ಡ ಅಡುಗೆ ನಡೆದಿತ್ತು.

ಚಿತ್ರ ಮುಗಿದ ಮೇಲೆ ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, “ಬುದ್ಧಿ, ನಾವು ಬೇಯಿಸ್ತಿರೋದೂ ಚಟದ ಎಲೇನೇ ಅಲ್ವಾ? ಹಂಗಾದ್ರೆ ಅವನ್ಗೂ ನಮ್ಗೂ ಏನು ಫರಕು?” ಎಂದು ಕೇಳಿದರು.

ಪ್ರಶ್ನೆ ಹಗುರವಾದುದಲ್ಲ. ಕಾನೂನಿನ ಫರಕನ್ನು ನಾವು ತಿಳಿಸಿದೆವು. 1985ರ ಮಾದಕ ವಸ್ತು ಕಾಯಿದೆಯಂತೆ ಗಾಂಜಾ ಗಿಡ ಬೆಳೆದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಆದರೆ ಹೊಗೆಸೊಪ್ಪು ಬೆಳೆಯುವವನ ಹೆಸರು ಸರ್ಕಾರದ ತಂಬಾಕು ಮಂಡಳಿಯ ಪುಸ್ತಕದಲ್ಲಿದೆ. 1975ರ ಕಾಯಿದೆಯಿಂದ ಹುಟ್ಟಿದ ಆ ಮಂಡಳಿಯೇ ಅವನಿಗೆ ಪರವಾನಗಿ ಕೊಡುತ್ತದೆ, ಅದರ ಹರಾಜು ಕಟ್ಟೆಯಲ್ಲೇ ಅವನ ಬೇಲು ಮಾರಾಟವಾಗುತ್ತದೆ. ಹುಣಸೂರಿನಲ್ಲಿ ತಂಬಾಕಿನ ಸಂಶೋಧನಾ ಕೇಂದ್ರವೇ ಇದೆ. ಅದೇ ಸರ್ಕಾರ 2003ರ ಕಾಯಿದೆಯಲ್ಲಿ, ಹದಿನೆಂಟು ತುಂಬದವರಿಗೆ (ಕರ್ನಾಟಕದಲ್ಲಿ 2025ರಿಂದ ಇಪ್ಪತ್ತೊಂದು ತುಂಬದವರಿಗೆ) ತಂಬಾಕಿನ ಪದಾರ್ಥ ಮಾರಕೂಡದು, ಶಾಲೆಯ ಸಮೀಪದಲ್ಲಿ ಮಾರಕೂಡದು ಎಂದೂ ವಿಧಿಸಿದೆ. ತೆರೆದ ಹರಾಜಿನಲ್ಲಿ ಹೆಸರು ಹೇಳಿ ಮಾರುವ ಒಕ್ಕಲಿಗನನ್ನೂ ಕತ್ತಲಲ್ಲಿ ಮಕ್ಕಳ ಕೈಗೆ ವಿಷವಿಡುವವನನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯವೆಂದು ನಾವು ಖಂಡಿತವಾಗಿ ನುಡಿದೆವು. ಅಜ್ಜ ತಲೆದೂಗಿದರು. ಆದರೂ, “ಈ ಕಂದ ಬೀಡಿ ಸೇದಿದ್ರೆ ನಾನು ಹೊಡೀತೀನಿ ಬುದ್ಧಿ, ಅದಂತೂ ದಿಟ” ಎಂದರು. ಮೊಮ್ಮಗ ನಕ್ಕನು. ಈ ಬೆಳೆ ಬಿಟ್ಟು ಇನ್ನೇನು ಬೆಳೆಯಬೇಕು, ಅದಕ್ಕೆ ಇಂಥದೇ ಖಚಿತ ಮಾರುಕಟ್ಟೆ ಯಾರು ಕೊಡುವರು ಎಂಬ ಮಾತು ಆಮೇಲೆ ನಡುರಾತ್ರಿಯವರೆಗೂ ನಡೆಯಿತು. ಅದು ಬೇರೆಯೇ ಒಂದು ಲೇಖನಕ್ಕೆ ವಿಷಯ.

ಬೆಳಿಗ್ಗೆ ತಾಯಿ ಮಾತ್ರ ತಮ್ಮ ಪ್ರಶ್ನೆಯನ್ನು ಮರೆತಿರಲಿಲ್ಲ. ಹಾಗೇನಾದರೂ ಆದರೆ ಯಾರಿಗೆ ಹೇಳುವುದು, ಹೇಳಿದರೆ ಮಗನನ್ನೇ ಜೈಲಿಗೆ ಹಾಕುವುದಿಲ್ಲವೆ ಎಂಬುದು ಅವರ ಭಯ. ಇದೇ ಭಯದಿಂದ ಎಷ್ಟೋ ಮನೆಗಳು ಬಾಯಿ ಮುಚ್ಚಿಕೊಂಡಿರುವುದನ್ನು ನಾವು ಬಲ್ಲೆವು. ಅದೇ 1985ರ ಕಾಯಿದೆಯ 64-ಎ ಎಂಬ ಕಲಮು ಇಂಥವರಿಗಾಗಿಯೇ ಇದೆ. ಸ್ವಲ್ಪ ಪ್ರಮಾಣದ ಸೇವನೆಯ ಅಪರಾಧದಲ್ಲಿ ಸಿಲುಕಿದ ವ್ಯಸನಿಯು ತಾನಾಗಿ ಬಂದು ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಯದು. 2024ರ ಜುಲೈನಲ್ಲಿ ಕೇಂದ್ರ ಸರ್ಕಾರ 1933 ಎಂಬ ಸಹಾಯವಾಣಿಯನ್ನೂ ತೆರೆದಿದೆ. ಆ ತಾಯಿ ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಹಾಲಿನ ಲೆಕ್ಕದ ಪಕ್ಕಕ್ಕೆ ಆ ನಾಲ್ಕು ಅಂಕೆಗಳನ್ನು ಬರೆದುಕೊಂಡರು. ಯಾತಕ್ಕೆಂದು ಮಾತ್ರ ಬರೆಯಲಿಲ್ಲ.

ಭಾನುವಾರ ಸಂಜೆ ಹುಡುಗನೂ ನಾವೂ ಒಂದೇ ಬಸ್ಸಿನಲ್ಲಿ ಮೈಸೂರಿಗೆ ಹೊರಟೆವು. ಹುಣಸೂರು, ಬಿಳಿಕೆರೆ ದಾಟಿ ಹಿನಕಲ್ಲಿನ ಬಳಿ ವರ್ತುಲ ರಸ್ತೆ ಕೂಡುವಲ್ಲಿ ಬಸ್ಸು ನಿಂತಿತು. ಬೆನ್ನಿಗೆ ಚೀಲ ಹಾಕಿದ ಹತ್ತಾರು ಹುಡುಗರು ಇಳಿದರು. ನಮ್ಮ ಹುಡುಗ ತಾಯಿ ಕಟ್ಟಿಕೊಟ್ಟ ಅಕ್ಕಿರೊಟ್ಟಿಯ ಬುತ್ತಿಯಲ್ಲಿ ಅರ್ಧವನ್ನು ನಮ್ಮ ಕೈಗಿತ್ತು ತಾನೂ ಇಳಿದನು. ಅಷ್ಟರಲ್ಲಿ ಅವನ ಫೋನು ಗುಣುಗುಟ್ಟಿತು. ಬ್ಯಾರನ್ನಿನ ಶಾಖ ನೂರರವತ್ತು ಡಿಗ್ರಿಗೆ ಬಂತು, ನಾಳೆ ಸೊಪ್ಪು ಇಳಿಸುತ್ತೇವೆ ಎಂದು ತಿಳಿಸಲು ಅಜ್ಜ ಕರೆ ಮಾಡಿದ್ದರು.